ಶ್ರೀನಿವಾಸಪುರದ ಹಳ್ಳಿಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ: ಬದಲಾಗಬೇಕಾದದ್ದು ಪರೀಕ್ಷೆಯೋ, ಪಟ್ಟಿಯೋ?

ಪ್ರಶ್ನೆ
ಬರೆದವರು: ಉಪಕೇಂದ್ರದ ಸಿ.ಎಚ್.ಒ., ಶ್ರೀನಿವಾಸಪುರ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಒಂದು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ನನ್ನ ವ್ಯಾಪ್ತಿಯಲ್ಲಿ ಸುಮಾರು ಐದು ಸಾವಿರ ಜನರಿದ್ದಾರೆ, ಐವರು ಆಶಾ ಕಾರ್ಯಕರ್ತೆಯರಿದ್ದಾರೆ. ಮುಂದಿನ ತಿಂಗಳು ತಾಲ್ಲೂಕು ಮಟ್ಟದ ಸಭೆಯೊಂದರಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಸುಧಾರಿಸುವ ಬಗ್ಗೆ ಸಲಹೆ ಕೊಡುವಂತೆ ನಮ್ಮನ್ನು ಕೇಳಿದ್ದಾರೆ. ಅಲ್ಲಿ ಎದ್ದು ನಿಂತು ಮಾತನಾಡುವ ಮೊದಲು ಈ ವಿಷಯ ಬಲ್ಲವರ ಅಭಿಪ್ರಾಯ ತಿಳಿಯಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ 30ರಿಂದ 65 ವರ್ಷದೊಳಗಿನ ಪ್ರತಿಯೊಬ್ಬ ಮಹಿಳೆಗೂ ಐದು ವರ್ಷಕ್ಕೊಮ್ಮೆ ವಿ.ಐ.ಎ. ತಪಾಸಣೆ ಆಗಬೇಕು, ಅಂದರೆ ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಮೂಡುತ್ತದೆಯೇ ಎಂದು ಕಣ್ಣಿನಿಂದ ನೋಡಬೇಕು. 2016ರಿಂದ ಈ ಮಾರ್ಗಸೂಚಿ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಮಹಿಳೆಯರ ಪೈಕಿ ಜೀವನದಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ.

ನನ್ನ ಕೇಂದ್ರದ ಕಥೆಯನ್ನೇ ಹೇಳುತ್ತೇನೆ. ಕಳೆದ ವರ್ಷ ಎರಡು ಶಿಬಿರಗಳನ್ನು ಮಾಡಿದೆವು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕರೆದರು, ಬಂದವರನ್ನೆಲ್ಲ ಪರೀಕ್ಷಿಸಿದೆವು, ಸಂಖ್ಯೆಯನ್ನು ವರದಿಗೆ ಬರೆದೆವು. ನಾಲ್ವರಲ್ಲಿ ಬಿಳಿ ಮಚ್ಚೆ ಕಂಡಿತು. ನಾಲ್ವರಿಗೂ ಮೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಅವರಲ್ಲಿ ಒಬ್ಬರು ಮಾತ್ರ ಚಿಕಿತ್ಸೆ ಪೂರೈಸಿಕೊಂಡು ಬಂದರು. ಇನ್ನೊಬ್ಬರು ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಬದಲಾಯಿಸಿ ಆಸ್ಪತ್ರೆ ತಲುಪಿದಾಗ, ಕಾಲ್ಪೋಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಸಾಧನದ ಪರೀಕ್ಷೆ) ನೋಡುವುದು ವಾರದಲ್ಲಿ ಒಂದೇ ದಿನ, ಅದು ಇಂದಲ್ಲ ಎಂದು ಹೇಳಿ ಕಳುಹಿಸಿದರು. ಅವರು ಮತ್ತೆ ಹೋಗಲಿಲ್ಲ. ಮೂರನೆಯವರು ಮಗಳ ಬಾಣಂತನಕ್ಕೆಂದು ಆಂಧ್ರದ ಕಡೆ ಹೋದವರು ಆರು ತಿಂಗಳು ಊರಿಗೆ ಬರಲಿಲ್ಲ. ನಾಲ್ಕನೆಯವರ ವಿಷಯದಲ್ಲಿ ನನ್ನ ಬಳಿ ಇರುವುದು ‘ಮೇಲಿನ ಆಸ್ಪತ್ರೆಗೆ ಕಳುಹಿಸಲಾಗಿದೆ’ ಎಂಬ ಒಂದು ಸಾಲು ಮಾತ್ರ. ಆ ಸಾಲು ನನ್ನ ಕೈಬರಹದಲ್ಲೇ ಇದೆ, ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಎಲ್ಲರೂ ಎಚ್‌ಪಿವಿ ಪರೀಕ್ಷೆಯ, ಅಂದರೆ ಈ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ ಇದೆಯೇ ಎಂದು ನೋಡುವ ಪರೀಕ್ಷೆಯ, ಮಾತನಾಡುತ್ತಿದ್ದಾರೆ. ವಿ.ಐ.ಎ. ಬಿಟ್ಟು ಅದಕ್ಕೆ ಹೋದರೆ ನಮ್ಮಂಥ ತಾಲ್ಲೂಕಿಗೆ ನಿಜವಾಗಿ ಅನುಕೂಲವಾಗುತ್ತದೆಯೇ? ಅದಕ್ಕೆ ಬೇಕಾದ ಯಂತ್ರ, ಮಾದರಿ ಸಾಗಣೆ ಇವೆಲ್ಲ ನಮ್ಮ ಜಿಲ್ಲೆಯಲ್ಲಿ ಸಾಧ್ಯವೇ? ಅಥವಾ ಪರೀಕ್ಷೆ ಯಾವುದಾದರೂ ಇರಲಿ, ಮೊದಲು ಸರಿಪಡಿಸಬೇಕಾದದ್ದು ಬೇರೆ ಇದೆಯೇ? ಸಭೆಯಲ್ಲಿ ನನಗೆ ಸಿಗುವುದು ಐದು ನಿಮಿಷ. ಒಂದೇ ವಿಷಯವನ್ನು ಒತ್ತಿ ಹೇಳಬೇಕಾದರೆ ಯಾವುದನ್ನು ಹೇಳಲಿ?

ಉತ್ತರ 1
ಬರೆದವರು: ಸ್ತ್ರೀರೋಗ ವೈದ್ಯೆ, ಕೋಲಾರ

ನಿಮ್ಮ ನಾಲ್ಕನೆಯ ಮಹಿಳೆಯ ವಿಷಯ ಓದಿ ನನ್ನ ಹೊರರೋಗಿ ವಿಭಾಗದಲ್ಲಿ ಕಾಣುವ ಮುಖಗಳು ನೆನಪಾದವು. ರಕ್ತಸ್ರಾವ, ಕೆಟ್ಟ ವಾಸನೆಯ ಬಿಳಿ ಸೆರಗು, ಸೊಂಟನೋವು ಎಂದು ಬರುವವರಲ್ಲಿ ಗಡ್ಡೆ ಆಗಲೇ ಬೆಳೆದಿರುತ್ತದೆ. ಅಂತಹವರನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳುಹಿಸುವಾಗ, ಹತ್ತು ವರ್ಷದ ಹಿಂದೆ ಯಾರಾದರೂ ಒಮ್ಮೆ ನೋಡಿದ್ದರೆ ಎಂಬ ಯೋಚನೆ ಬಾರದೆ ಇರುವುದಿಲ್ಲ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಹೊಸದಾಗಿ ಬಂದಿದೆ, ಸುಮಾರು 80 ಸಾವಿರ ಮಂದಿ ತೀರಿಕೊಂಡಿದ್ದಾರೆ. ಇದು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಕಾಯಿಲೆ. ಎಚ್‌ಪಿವಿ ಸೋಂಕು ಬಹುಪಾಲು ಮಹಿಳೆಯರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಕ್ಯಾನ್ಸರ್‌ಪೂರ್ವ ಗಾಯವಾಗಿ, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷದ ನಂತರ ಕ್ಯಾನ್ಸರ್ ಆಗುತ್ತದೆ. ಅಷ್ಟು ದೀರ್ಘವಾದ ಅವಕಾಶವನ್ನು ಕೊಡುವ ಕ್ಯಾನ್ಸರ್‌ಗಳು ಕಡಿಮೆ.

ವಿ.ಐ.ಎ.ಯನ್ನು ನಾನು ಹೀಗಳೆಯುವುದಿಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ, ಹತ್ತನೆಯ ತರಗತಿ ಓದಿದ ಮಹಿಳೆಯರಿಗೆ ನಾಲ್ಕು ವಾರ ತರಬೇತಿ ಕೊಟ್ಟು ಅವರಿಂದಲೇ ಎರಡು ವರ್ಷಕ್ಕೊಮ್ಮೆ ವಿ.ಐ.ಎ. ಮಾಡಿಸಿದರು, ಹನ್ನೆರಡು ವರ್ಷದ ಕೊನೆಗೆ ಈ ಕ್ಯಾನ್ಸರ್‌ನಿಂದಾಗುವ ಸಾವು ನೂರಕ್ಕೆ 31ರಷ್ಟು ಕಡಿಮೆಯಾಗಿತ್ತು. ಆದರೆ ಅಲ್ಲಿ ನಾಲ್ಕು ಸುತ್ತು ತಪಾಸಣೆ ನಡೆದಿತ್ತು, ತಪಾಸಕಿಯರ ಗುಣಮಟ್ಟದ ಮೇಲೆ ನಿರಂತರ ನಿಗಾ ಇತ್ತು. ವರ್ಷಕ್ಕೆ ಎರಡು ಶಿಬಿರದಲ್ಲಿ ಮಾತ್ರ ಸ್ಪೆಕ್ಯುಲಮ್ (ಗರ್ಭಕಂಠ ಕಾಣುವಂತೆ ಯೋನಿಯನ್ನು ತೆರೆದು ಹಿಡಿಯುವ ಸಾಧನ) ಹಿಡಿಯುವವರ ಕಣ್ಣು ಪಳಗುವುದಿಲ್ಲ. ಉರಿಯೂತದ ಬಿಳುಪನ್ನೂ ಕಾಯಿಲೆಯ ಬಿಳುಪನ್ನೂ ಬೇರ್ಪಡಿಸುವುದು ಅಭ್ಯಾಸದಿಂದ ಬರುವ ವಿದ್ಯೆ. ಮೇಲಾಗಿ ಮುಟ್ಟು ನಿಂತವರಲ್ಲಿ ನೋಡಬೇಕಾದ ಗಡಿರೇಖೆಯೇ ಗರ್ಭಕಂಠದ ಒಳಕ್ಕೆ ಸರಿದಿರುತ್ತದೆ. ಐವತ್ತು ದಾಟಿದವರಲ್ಲಿ ವಿ.ಐ.ಎ. ‘ಸರಿಯಾಗಿದೆ’ ಎಂದರೆ ಅದನ್ನು ನಂಬಿ ಕೂರಲಾಗದು.

ಎಚ್‌ಪಿವಿ ಪರೀಕ್ಷೆಯ ಬಲವನ್ನು ಮೊದಲು ತೋರಿಸಿದ ದೊಡ್ಡ ಅಧ್ಯಯನಗಳಲ್ಲೊಂದು ನಡೆದದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ, ನಮ್ಮಂಥದೇ ಮಳೆಯಾಶ್ರಿತ ಸೀಮೆಯಲ್ಲಿ. 30ರಿಂದ 59 ವರ್ಷದ 1.31 ಲಕ್ಷ ಮಹಿಳೆಯರನ್ನು ಒಳಗೊಂಡ ಆ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ ಹಳ್ಳಿಗಳಲ್ಲಿ ಈ ಕ್ಯಾನ್ಸರ್‌ನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಒಂದೇ ಸಲ ವಿ.ಐ.ಎ. ಅಥವಾ ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿದ ಹಳ್ಳಿಗಳಲ್ಲಿ ಅಂತಹ ಸ್ಪಷ್ಟ ಇಳಿಕೆ ಕಾಣಲಿಲ್ಲ. ಐದು ವರ್ಷಕ್ಕೊಮ್ಮೆಯೂ ಎಲ್ಲರನ್ನು ಮುಟ್ಟಲಾಗದ ನಮ್ಮಂಥ ಕಡೆ ಈ ವ್ಯತ್ಯಾಸ ಬಹಳ ದೊಡ್ಡದು. ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ಬಂದ ಮಹಿಳೆಯನ್ನು ಮತ್ತೆ ಐದರಿಂದ ಹತ್ತು ವರ್ಷದವರೆಗೆ ಕರೆಯುವ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಎಚ್‌ಐವಿ ಇರುವವರಿಗೆ ಮಾತ್ರ 25ರಿಂದಲೇ ಆರಂಭಿಸಿ, ಮೂರರಿಂದ ಐದು ವರ್ಷಕ್ಕೊಮ್ಮೆ ನೋಡಬೇಕು. ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರಕ್ಕೆ ಔಷಧಿಗೆ ಬರುವ ದಿನವೇ ಅವರ ತಪಾಸಣೆ ಮುಗಿಸುವುದು ಸುಲಭ, ಆದರೂ ಅದು ನಿಯಮಿತವಾಗಿ ಆಗುತ್ತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ ಇದು: ಚಿಕಿತ್ಸೆಯ ದಿನ ನಿಗದಿಯಾಗದೆ ಎಚ್‌ಪಿವಿ ಪರೀಕ್ಷೆಯನ್ನು ಆರಂಭಿಸಬೇಡಿ. ಉಸ್ಮಾನಾಬಾದ್‌ನಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಯಲ್ಲಿ ವೈರಸ್ ಕಂಡಿತು, ಆದರೆ ಚಿಕಿತ್ಸೆ ಬೇಕಾದ ಗಂಭೀರ ಗಾಯ ಇದ್ದದ್ದು ನೂರಕ್ಕೆ ಒಬ್ಬರ ಆಸುಪಾಸು. ನಿಮ್ಮ ವ್ಯಾಪ್ತಿಯಲ್ಲಿ ಸಾವಿರ ಮಹಿಳೆಯರನ್ನು ಪರೀಕ್ಷಿಸಿದರೆ ನೂರು ಮಂದಿಗೆ ‘ವೈರಸ್ ಇದೆ’ ಎಂದು ಹೇಳಬೇಕಾದೀತು, ಆ ನೂರರಲ್ಲಿ ಕಾಯಿಲೆ ಇರುವ ಹತ್ತು ಮಂದಿಯನ್ನು ಹುಡುಕಬೇಕಾದೀತು. ನಾಲ್ವರಿಗೇ ದಾರಿ ಇಲ್ಲದ ಕಡೆ ನೂರು ಜನರನ್ನು ಹೆದರಿಸಿ ಕೂರಿಸುವುದು ಸರಿಯಲ್ಲ.

ದಾರಿ ಇಲ್ಲವೆಂದಲ್ಲ. ವೈರಸ್ ಇರುವವರನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ವಿ.ಐ.ಎ. ಅಥವಾ ಕಾಲ್ಪೋಸ್ಕೋಪಿಯಿಂದ ನೋಡಿ, ಗಾಯ ಪೂರ್ತಿ ಕಣ್ಣಿಗೆ ಕಾಣುವಂತಿದ್ದು, ಒಳನಾಳಕ್ಕೆ ಹೋಗಿರದಿದ್ದರೆ ಅದೇ ದಿನ ಥರ್ಮಲ್ ಅಬ್ಲೇಶನ್ ಮಾಡಬಹುದು. ಸುಮಾರು 100 ಡಿಗ್ರಿ ಬಿಸಿಯ ತುದಿಯನ್ನು ಅರ್ಧ ನಿಮಿಷದಷ್ಟು ಹೊತ್ತು ಇಟ್ಟು ಗಾಯವನ್ನು ಸುಡುವ ವಿಧಾನ ಅದು. ಬ್ಯಾಟರಿಯಿಂದ ನಡೆಯುವ ಕೈಯಲ್ಲಿ ಹಿಡಿಯುವ ಸಾಧನಗಳಿವೆ, ಗಾಯವನ್ನು ಹೆಪ್ಪುಗಟ್ಟಿಸುವ ಕ್ರಯೋಥೆರಪಿಗೆ ಬೇಕಾದಂತೆ ಅನಿಲದ ಸಿಲಿಂಡರ್ ಹೊರುವ ತೊಂದರೆ ಇಲ್ಲ. ಇದಕ್ಕೆ ಹೊಂದದ ದೊಡ್ಡ ಗಾಯ, ಕ್ಯಾನ್ಸರ್‌ನ ಅನುಮಾನ ಇವುಗಳನ್ನು ಮಾತ್ರ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ಕಳುಹಿಸಿದರೆ ಸಾಕು. ಚಿಕಿತ್ಸೆಯಾದ ಒಂದು ವರ್ಷಕ್ಕೆ ಮತ್ತೆ ಪರೀಕ್ಷೆ ಮಾಡಲೇಬೇಕು, ಇದನ್ನು ಬಹಳ ಕಡೆ ಮರೆಯುತ್ತಾರೆ.

ಉತ್ತರ 2
ಬರೆದವರು: ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಬಂಗಾರಪೇಟೆ

ಯಂತ್ರ ಮತ್ತು ಸಾಗಣೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಉಳಿದದ್ದು ನನ್ನ ಕ್ಷೇತ್ರವಲ್ಲ.

ಕ್ಷಯರೋಗ ಕಾರ್ಯಕ್ರಮಕ್ಕೆಂದು ಬಂದ ಟ್ರೂನ್ಯಾಟ್ ಮತ್ತು ಸಿಬಿನ್ಯಾಟ್ ಯಂತ್ರಗಳಲ್ಲೇ ಎಚ್‌ಪಿವಿ ಪರೀಕ್ಷೆಯನ್ನೂ ಮಾಡಬಹುದು. ಚಿಪ್ ಅಥವಾ ಕಾರ್ಟ್ರಿಜ್ ಬೇರೆ, ಯಂತ್ರ ಅದೇ. ಇದನ್ನು ಕೇಳಿದ ತಕ್ಷಣ ‘ಹಾಗಾದರೆ ತಾಲ್ಲೂಕಿನಲ್ಲೇ ಆಯಿತು’ ಎಂದು ಎಲ್ಲರೂ ಸಂತೋಷಪಡುತ್ತಾರೆ. ಲೆಕ್ಕ ಹಾಕಿದರೆ ತೊಂದರೆ ಗೊತ್ತಾಗುತ್ತದೆ. ಎರಡು ಲಕ್ಷ ಜನಸಂಖ್ಯೆಯ ತಾಲ್ಲೂಕು ಎಂದಿಟ್ಟುಕೊಳ್ಳಿ. ಅದರಲ್ಲಿ 30ರಿಂದ 49 ವರ್ಷದ ಮಹಿಳೆಯರು ಅಂದಾಜು 28 ಸಾವಿರ ಇರುತ್ತಾರೆ. ಐದು ವರ್ಷದಲ್ಲಿ ಎಲ್ಲರನ್ನೂ ಪರೀಕ್ಷಿಸಬೇಕಾದರೆ ವರ್ಷಕ್ಕೆ ಸುಮಾರು 5,600, ಕೆಲಸದ ದಿನ 250 ಎಂದುಕೊಂಡರೆ ದಿನಕ್ಕೆ ಇಪ್ಪತ್ತೆರಡು. ನಾಲ್ಕು ಮಾದರಿಗಳನ್ನು ಒಟ್ಟಿಗೆ ಹಾಕುವ ಯಂತ್ರಕ್ಕೆ ಒಂದು ಸುತ್ತಿಗೆ ಒಂದು ಗಂಟೆಯ ಮೇಲೆ ಹಿಡಿಯುತ್ತದೆ. ಇಡೀ ದಿನ ಬೇರೇನನ್ನೂ ಮಾಡದಿದ್ದರೆ ಇಪ್ಪತ್ತರಷ್ಟು ಆಗಬಹುದು. ಆದರೆ ಆ ಯಂತ್ರದ ಮೊದಲ ಹಕ್ಕು ಕಫದ ಮಾದರಿಯದು. ಎರಡು ವಾರ ಕೆಮ್ಮುತ್ತಿರುವವನ ಪರೀಕ್ಷೆಯನ್ನು ಹಿಂದಕ್ಕೆ ಸರಿಸುವುದು ಯಾವ ಕಾರಣಕ್ಕೂ ಒಪ್ಪುವಂಥದ್ದಲ್ಲ.

ಹಾಗಾಗಿ ನನ್ನ ಸಲಹೆ, ಬಹುಪಾಲು ಮಾದರಿಗಳು ಜಿಲ್ಲಾ ಕೇಂದ್ರಕ್ಕೆ ಹೋಗಲಿ. ಕೋವಿಡ್ ಕಾಲದಲ್ಲಿ ಹಳ್ಳಿಗಳಿಂದ ದಿನವೂ ಎಷ್ಟು ಸ್ವ್ಯಾಬ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ಆರ್‌ಟಿ-ಪಿಸಿಆರ್ ಪ್ರಯೋಗಾಲಯಗಳಿಗೆ ಸಾಗಿಸಿದ್ದೇವೆ ಎಂಬುದನ್ನು ನೆನಪಿಸಿಕೊಳ್ಳಿ. ಆ ಯಂತ್ರಗಳಲ್ಲಿ ಒಂದು ಸುತ್ತಿಗೆ ತೊಂಬತ್ತರಷ್ಟು ಮಾದರಿಗಳು ಕೂರುತ್ತವೆ. ವಾರಕ್ಕೆ ಎರಡು ಸುತ್ತು ನಡೆಸಿದರೂ ಒಂದು ತಾಲ್ಲೂಕಿನ ಅಗತ್ಯ ಪೂರೈಸುತ್ತದೆ. ಆರ್‌ಟಿ-ಪಿಸಿಆರ್‌ಗೆ ಹೊಂದುವ ಎಚ್‌ಪಿವಿ ಕಿಟ್‌ಗಳು ನಮ್ಮ ದೇಶದಲ್ಲೇ ತಯಾರಾಗುತ್ತಿವೆ. ಕಫದ ಮಾದರಿಗಳು ಈಗಾಗಲೇ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೋಗುವ ವಾಹನದಲ್ಲೇ ಇವೂ ಹೋಗಲಿ. ದೂರದಿಂದ ಬಂದವರಿಗೆ, ಮತ್ತೆ ಕರೆದರೆ ಬರಲಾರರು ಎನ್ನುವವರಿಗೆ ಮಾತ್ರ ತಾಲ್ಲೂಕಿನ ಯಂತ್ರದಲ್ಲಿ ಅದೇ ದಿನ ಪರೀಕ್ಷಿಸಿ ಫಲಿತಾಂಶ ಕೊಡಬಹುದು.

ಎರಡು ಸಣ್ಣ ವಿಷಯಗಳನ್ನು ಅನುಭವದಿಂದ ಸೇರಿಸುತ್ತೇನೆ. ಮಾದರಿಯ ಕೊಳವೆಯ ಮೇಲೆ ಹೆಸರನ್ನು ಪೆನ್ನಿನಲ್ಲಿ ಬರೆಯುವುದನ್ನು ನಿಲ್ಲಿಸಿ ಬಾರ್‌ಕೋಡ್ ಅಂಟಿಸಬೇಕು. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಐದಾರು ಮಂದಿ ಇರುವ ಸೀಮೆ ನಮ್ಮದು. ವೆಂಕಟಮ್ಮನ ಫಲಿತಾಂಶ ಇನ್ನೊಬ್ಬ ವೆಂಕಟಮ್ಮನ ಮನೆಗೆ ಹೋದರೆ ಆಗುವ ಅನಾಹುತವನ್ನು ನಾನು ವಿವರಿಸಬೇಕಿಲ್ಲ. ಇನ್ನೊಂದು, ಕಿಟ್ ತಯಾರಕರು ಯಾವ ಕುಂಚ, ಯಾವ ದ್ರಾವಣಕ್ಕೆ ಅನುಮೋದನೆ ಪಡೆದಿದ್ದಾರೋ ಅದನ್ನೇ ಖರೀದಿಸಬೇಕು. ಕಡಿಮೆ ಬೆಲೆಗೆ ಸಿಕ್ಕಿತೆಂದು ಬೇರೆ ಸ್ವ್ಯಾಬ್ ತಂದರೆ ಪರೀಕ್ಷೆ ವಿಫಲವಾಗಿ, ಕಷ್ಟಪಟ್ಟು ಬಂದ ಮಹಿಳೆಯನ್ನು ಎರಡನೆಯ ಸಲ ಕರೆಯಬೇಕಾಗುತ್ತದೆ.

ಉತ್ತರ 3
ಬರೆದವರು: ಸಮುದಾಯ ವೈದ್ಯಕೀಯ ಅಧ್ಯಾಪಕ, ಮಾಲೂರು

ಒಂದೇ ವಿಷಯ ಹೇಳುವುದಾದರೆ ‘ಪಟ್ಟಿ’ ಎಂದು ಹೇಳಿ.

ಇಂಗ್ಲೆಂಡಿನ ಉದಾಹರಣೆಯನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಹೇಳುತ್ತೇನೆ. ಅಲ್ಲಿ 1960ರ ದಶಕದಿಂದಲೇ ಪ್ಯಾಪ್ ಸ್ಮಿಯರ್ ನಡೆಯುತ್ತಿತ್ತು. ಬಂದವರಿಗೆ ಮಾಡುತ್ತಿದ್ದರು, ಬಾರದವರು ಯಾರೆಂದು ಯಾರಿಗೂ ತಿಳಿದಿರಲಿಲ್ಲ. ಎರಡು ದಶಕ ಹಾಗೆಯೇ ನಡೆದು, ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ. 1988ರಲ್ಲಿ ಪ್ರತಿ ಮಹಿಳೆಯ ಹೆಸರಿಗೂ ಪತ್ರ ಬರೆದು ಕರೆಯುವ, ಬಾರದಿದ್ದರೆ ಮತ್ತೆ ಕರೆಯುವ ವ್ಯವಸ್ಥೆ ಜಾರಿಗೆ ಬಂತು. ಆಗ ನೂರಕ್ಕೆ 42ರಷ್ಟಿದ್ದ ವ್ಯಾಪ್ತಿ 1994ರ ವೇಳೆಗೆ 85ಕ್ಕೆ ಏರಿತು, ಕಾಯಿಲೆ ಇಳಿಯತೊಡಗಿತು. ಗಮನಿಸಿ, ಪರೀಕ್ಷೆ ಬದಲಾಗಿರಲಿಲ್ಲ. ಪರೀಕ್ಷೆಯನ್ನು ಬದಲಾಯಿಸಿದ್ದು ಬಹಳ ತಡವಾಗಿ, 2019ರ ವೇಳೆಗೆ. ಆಸ್ಟ್ರೇಲಿಯಾ 2017ರ ಡಿಸೆಂಬರಿನಲ್ಲಿ ಪ್ಯಾಪ್‌ನಿಂದ ಎಚ್‌ಪಿವಿಗೆ ಹೋದಾಗಲೂ ರಾಷ್ಟ್ರೀಯ ನೋಂದಣಿ ಪುಸ್ತಕವನ್ನು ಜೊತೆಯಲ್ಲೇ ಕಟ್ಟಿಕೊಂಡಿತು.

ನಮ್ಮಲ್ಲಿ ಪಟ್ಟಿಗೆ ಬೇಕಾದ ಮಾಹಿತಿ ಇಲ್ಲವೆಂದಲ್ಲ. ಆಶಾ ಕಾರ್ಯಕರ್ತೆಯರು 30 ದಾಟಿದವರ ಫಾರಂ ತುಂಬುತ್ತಿದ್ದಾರೆ, ಅಸಾಂಕ್ರಾಮಿಕ ರೋಗಗಳ ಮಾಹಿತಿ ದಾಖಲಿಸುವ ಎನ್‌ಸಿಡಿ ಪೋರ್ಟಲ್ ಇದೆ. ಮನೆಬಾಗಿಲಿನಲ್ಲಿ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆಯನ್ನು 2024ರಲ್ಲಿ ರಾಜ್ಯ ಸರ್ಕಾರ ಪ್ರಾಯೋಗಿಕವಾಗಿ ಆರಂಭಿಸಿದ್ದೇ ನಮ್ಮ ಕೋಲಾರ ಜಿಲ್ಲೆಯಲ್ಲಿ. ಆದರೆ ಈ ಮಾಹಿತಿಯೆಲ್ಲ ಮೇಲಕ್ಕೆ ಹೋಗುತ್ತದೆಯೇ ಹೊರತು ‘ಈ ತಿಂಗಳು ನೀವು ಕರೆಯಬೇಕಾದ ಇಪ್ಪತ್ತು ಮಂದಿ ಇವರು, ಕಳೆದ ತಿಂಗಳು ಕಳುಹಿಸಿದವರಲ್ಲಿ ತಲುಪದವರು ಇಬ್ಬರು’ ಎಂಬ ರೂಪದಲ್ಲಿ ಉಪಕೇಂದ್ರಕ್ಕೆ ಹಿಂತಿರುಗಿ ಬರುವುದಿಲ್ಲ. ಆಧುನೀಕರಣವೆಂದರೆ ನನ್ನ ಮಟ್ಟಿಗೆ ಮೊದಲು ಇದು. ಇದಕ್ಕೆ ಹೊಸ ತಂತ್ರಾಂಶ ಬರುವವರೆಗೆ ಕಾಯಬೇಕಿಲ್ಲ. ಗೆರೆ ಹಾಕಿದ ಒಂದು ದಪ್ಪ ರಿಜಿಸ್ಟರ್ ಸಾಕು. ಹುಟ್ಟಿದ ವರ್ಷ, ಪರೀಕ್ಷೆಯಾದ ದಿನ, ಫಲಿತಾಂಶ, ಕಳುಹಿಸಿದ ದಿನ, ತಲುಪಿದ ದಿನ, ಚಿಕಿತ್ಸೆಯಾದ ದಿನ, ಮುಂದೆ ಕರೆಯಬೇಕಾದ ವರ್ಷ, ಇಷ್ಟು ಅಂಕಣಗಳಿರಲಿ. ತಲುಪಿದ ದಿನದ ಅಂಕಣ ಖಾಲಿ ಇರುವಷ್ಟು ದಿನವೂ ಆ ಹೆಸರು ನಿಮ್ಮ ಜವಾಬ್ದಾರಿ.

ತಂತ್ರಜ್ಞರು ಹಾಕಿದ ಲೆಕ್ಕಕ್ಕೆ ಒಂದು ತಿದ್ದುಪಡಿ ಸೂಚಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಟ ಗುರಿ, ನೂರಕ್ಕೆ 70 ಮಹಿಳೆಯರಿಗೆ 35 ತುಂಬುವುದರೊಳಗೆ ಒಮ್ಮೆ, 45 ತುಂಬುವುದರೊಳಗೆ ಮತ್ತೊಮ್ಮೆ ಉತ್ತಮ ದರ್ಜೆಯ ಪರೀಕ್ಷೆಯಾಗಬೇಕು ಎಂಬುದು. ಎಲ್ಲರನ್ನೂ ಒಮ್ಮೆಲೇ ಕರೆಯುವ ಬದಲು, ಈ ವರ್ಷ 35 ಮತ್ತು 45ಕ್ಕೆ ಕಾಲಿಡುವವರನ್ನು ಮಾತ್ರ ಹೆಸರು ಹಿಡಿದು ಕರೆಯಿರಿ. ಎರಡು ಲಕ್ಷದ ತಾಲ್ಲೂಕಿನಲ್ಲಿ ಅಂಥವರು ಸುಮಾರು ಮೂರು ಸಾವಿರ, ದಿನಕ್ಕೆ ಹನ್ನೆರಡು. ನಿಮ್ಮ ಉಪಕೇಂದ್ರದ ಪಾಲಿಗೆ ಬರುವವರು ವರ್ಷಕ್ಕೆ ಎಪ್ಪತ್ತೈದರಷ್ಟು. ಎಪ್ಪತ್ತೈದು ಮಂದಿಯನ್ನು ಮುಖ ನೋಡಿ ಗುರುತಿಸಬಹುದು, ಒಬ್ಬೊಬ್ಬರ ಬೆನ್ನು ಹತ್ತಬಹುದು. ಅದಾಗಲೇ 45 ದಾಟಿ ಒಮ್ಮೆಯೂ ಪರೀಕ್ಷೆಯಾಗದವರನ್ನು ಬಿಡಬಾರದು ನಿಜ, ಅವರನ್ನು ಉಳಿದ ದಿನಗಳಲ್ಲಿ ಸೇರಿಸಿಕೊಳ್ಳಬಹುದು.

ಗಡಿ ಭಾಗದವರು ಮರೆಯಬಾರದ ಒಂದು ಸಂಗತಿ ಇದೆ. ಗರ್ಭಕೋಶ ತೆಗೆಸಿಕೊಂಡ ಮಹಿಳೆಯರು ನಮ್ಮ ಹಳ್ಳಿಗಳಲ್ಲಿ ಕಡಿಮೆ ಇಲ್ಲ, ಕೆಲವರಿಗೆ ನಲವತ್ತೂ ಆಗಿರುವುದಿಲ್ಲ. ಅವರನ್ನು ಪಟ್ಟಿಯಲ್ಲಿ ಬೇರೆಯಾಗಿ ಗುರುತಿಸಿ, ಆದರೆ ಬಾಯಿಮಾತು ಕೇಳಿ ಕೈಬಿಡಬೇಡಿ. ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಗರ್ಭಕಂಠವನ್ನು ಉಳಿಸಿರುತ್ತಾರೆ. ಡಿಸ್‌ಚಾರ್ಜ್ ಚೀಟಿಯನ್ನು ಕೇಳಿ ನೋಡಬೇಕು, ಚೀಟಿ ಇಲ್ಲದಿದ್ದರೆ ಒಮ್ಮೆ ಪರೀಕ್ಷಿಸಿಯೇ ತಿಳಿಯಬೇಕು.

ಉತ್ತರ 4
ಬರೆದವರು: ಆಶಾ ಕಾರ್ಯಕರ್ತೆ, ಮುಳಬಾಗಿಲು

ಮೇಡಂ, ಮೇಲಿನವರು ಯಂತ್ರದ ವಿಷಯ, ಪಟ್ಟಿಯ ವಿಷಯ ಹೇಳಿದ್ದಾರೆ. ಮನೆಬಾಗಿಲಿಗೆ ಹೋಗುವವಳಾಗಿ ನಾನು ಕಂಡದ್ದನ್ನು ಬರೆಯುತ್ತೇನೆ.

ಶಿಬಿರದ ದಿನವನ್ನು ನಿಗದಿ ಮಾಡುವವರು ಕ್ಯಾಲೆಂಡರ್ ನೋಡುತ್ತಾರೆ, ನಾವು ರೇಷ್ಮೆ ಹುಳು ನೋಡುತ್ತೇವೆ. ಹುಳು ನಾಲ್ಕನೆಯ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದು ಹಣ್ಣಾಗುವವರೆಗಿನ ಒಂದು ವಾರ ಹುಳು ಸಾಕುವ ಮನೆಯ ಹೆಂಗಸರು ಹಗಲು ರಾತ್ರಿ ಸೊಪ್ಪು ಹಾಕುತ್ತಿರುತ್ತಾರೆ. ಆ ವಾರ ದೇವರೇ ಕರೆದರೂ ಅವರು ಮನೆ ಬಿಡುವುದಿಲ್ಲ. ಟೊಮೇಟೊ ಕೀಳುವ ದಿನಗಳೂ ಹಾಗೆಯೇ, ಮೇ ತಿಂಗಳ ನಂತರ ಶ್ರೀನಿವಾಸಪುರದ ಕಡೆ ಮಾವಿನ ಕೊಯ್ಲೂ ಹಾಗೆಯೇ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಹೋಗುವ ಹೆಂಗಸರಿಗಂತೂ ವಾರದ ದಿನ ಎಂಬುದೇ ಇಲ್ಲ. ನಾನು ಈಗ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬರುವ ಹೊತ್ತಿನಲ್ಲಿ ಮಾತನಾಡಿಸುತ್ತೇನೆ. ಅಲ್ಲಿ ಎಲ್ಲರೂ ಸಿಗುತ್ತಾರೆ, ಆದರೆ ಅಲ್ಲಿ ಈ ವಿಷಯವನ್ನು ಬಿಡಿಸಿ ಹೇಳುವುದಿಲ್ಲ, ‘ಮನೆಗೆ ಬರುತ್ತೇನೆ, ಹತ್ತು ನಿಮಿಷ ಬೇಕು’ ಎಂದಷ್ಟೇ ಹೇಳುತ್ತೇನೆ.

ತಾವೇ ಮಾದರಿ ತೆಗೆದುಕೊಳ್ಳುವ ವಿಧಾನದ ಬಗ್ಗೆ ಒಂದು ತರಬೇತಿಯಲ್ಲಿ ನಮಗೆ ತೋರಿಸಿದರು. ಸಣ್ಣ ಕುಂಚವನ್ನು ಮಹಿಳೆಯೇ ಒಳಗಿಟ್ಟು ತಿರುಗಿಸಿ ಕೊಳವೆಗೆ ಹಾಕುವುದು. ಆ ಮಾದರಿಯಿಂದಲೂ ಎಚ್‌ಪಿವಿ ಪರೀಕ್ಷೆ ಸರಿಯಾಗಿ ಆಗುತ್ತದೆ ಎಂದು ಹೇಳಿದರು. ಇದನ್ನು ಹಳ್ಳಿಯಲ್ಲಿ ಹೇಳಿದಾಗ ಹೆಂಗಸರ ಮುಖ ಸಡಿಲವಾಗುವುದನ್ನು ನಾನೇ ನೋಡಿದ್ದೇನೆ. ಅವರಿಗೆ ಪರೀಕ್ಷೆಗಿಂತ ಮೇಜಿನ ಮೇಲೆ ಮಲಗುವುದರ ಭಯವೇ ಹೆಚ್ಚು. ಹೆರಿಗೆಯ ಹೊತ್ತಿನಲ್ಲಿ ಯಾರೋ ಗದರಿಸಿದ್ದು ಇಪ್ಪತ್ತು ವರ್ಷವಾದರೂ ಅವರಿಗೆ ಮರೆತಿಲ್ಲ. ಆದರೆ ಕುಂಚವನ್ನು ಮನೆಗೆ ಕೊಟ್ಟು ಬಂದರೆ ಆಗುವುದಿಲ್ಲ, ಮನೆಯಲ್ಲಿ ಅತ್ತೆ, ಮೈದುನ, ಮಕ್ಕಳು ಎಲ್ಲರೂ ಇರುತ್ತಾರೆ. ಉಪಕೇಂದ್ರದಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ಬಕೆಟ್ ನೀರು, ಗೋಡೆಯ ಮೇಲೆ ಹೇಗೆ ಮಾಡಬೇಕೆಂಬ ಚಿತ್ರ ಇರಬೇಕು. ನಮ್ಮ ಕಡೆ ಮನೆಮಾತು ತೆಲುಗು, ಓದಲು ಬಾರದವರೂ ಇದ್ದಾರೆ, ಆದ್ದರಿಂದ ಚಿತ್ರವೇ ಬೇಕು, ಬರಹವಲ್ಲ.

ಇನ್ನು ಫಲಿತಾಂಶ ಹೇಳುವ ವಿಷಯ. ಇದನ್ನು ಯಾರೂ ನಮಗೆ ಸರಿಯಾಗಿ ಕಲಿಸಿಲ್ಲ. ‘ವೈರಸ್ ಇದೆ, ಅದು ಗಂಡ ಹೆಂಡಿರ ಸಂಪರ್ಕದಿಂದ ಬರುತ್ತದೆ’ ಎಂದು ಒಬ್ಬರು ಅವಸರದಲ್ಲಿ ಹೇಳಿ ಹೋದ ಮೇಲೆ ಒಂದು ಮನೆಯಲ್ಲಿ ಒಂದು ವಾರ ಒಲೆ ಹತ್ತಲಿಲ್ಲ. ಗಂಡ ಹೆಂಡತಿಯನ್ನು ಅನುಮಾನಿಸಿದ, ಅವಳು ಅವನನ್ನು. ನಾನು ಈಗ ಹೀಗೆ ಹೇಳುತ್ತೇನೆ: ಇದು ಮದುವೆಯಾದ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಕಾಲಕ್ಕೆ ಬಂದು ಹೋಗುವ ವೈರಸ್ಸು, ಎಂದು ಬಂತೆಂದು ಯಾವ ಡಾಕ್ಟರೂ ಹೇಳಲಾರರು, ಹದಿನೈದು ವರ್ಷದ ಹಿಂದಿನದೂ ಇರಬಹುದು, ಯಾರ ತಪ್ಪೂ ಅಲ್ಲ, ಇದು ಕ್ಯಾನ್ಸರ್ ಅಲ್ಲ, ಇನ್ನೊಂದು ಸಲ ನೋಡಬೇಕು ಎಂದಷ್ಟೇ ಇದರ ಅರ್ಥ. ಇದನ್ನು ಅವಳೊಬ್ಬಳಿಗೇ ಹೇಳುತ್ತೇನೆ. ಮನೆಯವರಿಗೆ ಹೇಳಬೇಕೋ ಬೇಡವೋ ಎಂಬುದು ಅವಳಿಗೆ ಬಿಟ್ಟದ್ದು. ಫೋನಿಗೆ ಸಂದೇಶ ಕಳುಹಿಸುವುದನ್ನು ದಯವಿಟ್ಟು ಮಾಡಬೇಡಿ, ಬಹಳ ಮನೆಗಳಲ್ಲಿ ಫೋನ್ ಮಗನ ಕೈಯಲ್ಲಿರುತ್ತದೆ.

ಮೇಲಿನ ಆಸ್ಪತ್ರೆಗೆ ಹೋಗುವವರ ಜೊತೆ ನಾನು ಸಾಧ್ಯವಾದಾಗ ಹೋಗಿದ್ದೇನೆ. ಜೊತೆಗೆ ಹೋದವರಲ್ಲಿ ಯಾರೂ ಅರ್ಧಕ್ಕೆ ಹಿಂತಿರುಗಿಲ್ಲ. ಆದರೆ ಅಂದಿನ ಬಸ್ ಖರ್ಚು ನನ್ನದೇ, ಅಂದಿನ ಬೇರೆ ಕೆಲಸವೂ ಉಳಿಯುತ್ತದೆ. ಹೆರಿಗೆಗೆ ಕರೆದುಕೊಂಡು ಹೋದರೆ ಪ್ರೋತ್ಸಾಹಧನವಿದೆ. ಇದಕ್ಕೂ ಹಾಗೆಯೇ, ಶಿಬಿರಕ್ಕೆ ಕರೆತಂದದ್ದಕ್ಕಲ್ಲ, ಚಿಕಿತ್ಸೆ ಮುಗಿಸಿ ಮನೆಗೆ ತಲುಪಿಸಿದ್ದಕ್ಕೆ ಏನಾದರೂ ಕೊಡುವಂತೆ ಸಭೆಯಲ್ಲಿ ಕೇಳಿ ಮೇಡಂ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ
ಬರೆದವರು: ಉಪಕೇಂದ್ರದ ಸಿ.ಎಚ್.ಒ., ಶ್ರೀನಿವಾಸಪುರ

ನಾಲ್ವರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ನಮ್ಮ ಆಶಾ ಕಾರ್ಯಕರ್ತೆಯರಿಗೂ ಓದಿ ಹೇಳಿದೆ. ಮುಳಬಾಗಿಲಿನ ಅಕ್ಕ ಫಲಿತಾಂಶ ಹೇಳುವ ಮಾತುಗಳನ್ನು ಅವರು ತಮ್ಮ ಡೈರಿಯಲ್ಲಿ ಹಾಗೆಯೇ ಬರೆದುಕೊಂಡರು.

ಒಂದು ಕಡೆ ನನಗೆ ಗೊಂದಲವಿದೆ. ವೈದ್ಯೆಯವರು ಚಿಕಿತ್ಸೆಯ ದಿನ ನಿಗದಿಯಾಗದೆ ಎಚ್‌ಪಿವಿ ಆರಂಭಿಸಬೇಡಿ ಎನ್ನುತ್ತಾರೆ. ಆದರೆ ರೋಗಿಗಳೇ ಇಲ್ಲದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವನ್ನು ಇದಕ್ಕೆಂದು ಮೀಸಲಿಡಿ ಎಂದರೆ ಯಾರು ಒಪ್ಪುತ್ತಾರೆ? ಪರೀಕ್ಷೆ ಶುರುವಾಗಿ ಹೆಸರುಗಳು ಬರತೊಡಗಿದರೆ ತಾನೇ ಒತ್ತಡ ಬರುವುದು? ಅಲ್ಲಿಯವರೆಗೆ ವಿ.ಐ.ಎ.ಯನ್ನೇ ಮುಂದುವರಿಸಬೇಕೆ?

ಉತ್ತರ 5
ಬರೆದವರು: ಸ್ತ್ರೀರೋಗ ವೈದ್ಯೆ, ಕೋಲಾರ

ಒತ್ತಡ ಬೀಳುವುದು ಅಧಿಕಾರಿಯ ಮೇಲಲ್ಲ, ಕಾಯುತ್ತ ಕೂರುವ ಮಹಿಳೆಯ ಮೇಲೆ. ಅದಕ್ಕಾಗಿ ಹಾಗೆ ಬರೆದೆ. ಆದರೆ ನಿಮ್ಮ ಮಾತಿನಲ್ಲೂ ಹುರುಳಿದೆ. ಅಧ್ಯಾಪಕರು ಹೇಳಿದ 35 ಮತ್ತು 45ರ ಲೆಕ್ಕವನ್ನು ಹಿಡಿದರೆ ದಾರಿ ಕಾಣುತ್ತದೆ. ಒಂದು ಉಪಕೇಂದ್ರದಲ್ಲಿ ವರ್ಷಕ್ಕೆ ಎಪ್ಪತ್ತೈದು ಪರೀಕ್ಷೆಯಾದರೆ ವೈರಸ್ ಇರುವವರು ಏಳೆಂಟು ಮಂದಿ. ನಾಲ್ಕೈದು ಉಪಕೇಂದ್ರಗಳು ಸೇರಿ ಆರಂಭಿಸಿದರೆ ತಿಂಗಳಿಗೆ ಮೂವರು. ಮೂವರಿಗೆ ವಾರಕ್ಕೊಂದು ದಿನ ಬೇಡ, ತಿಂಗಳಿಗೆ ಒಂದು ಮಧ್ಯಾಹ್ನ ಸಾಕು. ಅಷ್ಟನ್ನು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರು ಕೊಡಬಲ್ಲರು, ಕೊಡಲಾಗದಿದ್ದರೆ ಜಿಲ್ಲಾ ಕೇಂದ್ರದಿಂದ ಒಬ್ಬರು ಹೋಗಿ ಬರಬಹುದು. ದಿನವನ್ನು ಮೊದಲೇ ಗೊತ್ತುಮಾಡಿ, ಉದಾಹರಣೆಗೆ ಪ್ರತಿ ತಿಂಗಳ ಎರಡನೆಯ ಗುರುವಾರ ಎಂದು. ಫಲಿತಾಂಶ ಹೇಳುವಾಗಲೇ ಆ ದಿನಾಂಕವನ್ನೂ ಹೇಳಬೇಕು. ‘ಹೋಗಿ ತೋರಿಸಿಕೊಳ್ಳಿ’ ಎಂಬ ಚೀಟಿಯನ್ನು ಮತ್ತೆ ಯಾರಿಗೂ ಬರೆಯಬೇಡಿ.

ಅಲ್ಲಿಯವರೆಗೆ ವಿ.ಐ.ಎ. ನಿಲ್ಲಿಸಬೇಡಿ. ಅದರ ಅಭ್ಯಾಸ ವ್ಯರ್ಥವಾಗುವುದಿಲ್ಲ, ಎಚ್‌ಪಿವಿ ಬಂದ ಮೇಲೂ ವೈರಸ್ ಇರುವವರಲ್ಲಿ ಗಾಯವನ್ನು ನೋಡುವುದು ಅದೇ ಕಣ್ಣಿನಿಂದ. ಎರಡು ಮುಟ್ಟುಗಳ ಮಧ್ಯೆ ರಕ್ತಸ್ರಾವ, ಸಂಪರ್ಕದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ ಎಂದು ಯಾರಾದರೂ ಹೇಳಿದರೆ ಅವರಿಗೆ ತಪಾಸಣೆಯ ಸರದಿ ಬೇಡ, ವಯಸ್ಸಿನ ಲೆಕ್ಕವೂ ಬೇಡ, ನೇರವಾಗಿ ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿಸಿ. ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದ ತಾಯಂದಿರು ತಮಗೆ ತಪಾಸಣೆ ಬೇಡವೆಂದು ತಿಳಿಯುತ್ತಾರೆ, ಅದನ್ನೂ ತಿದ್ದಿ ಹೇಳಿ. ಲಸಿಕೆ ಮಗಳಿಗಾದದ್ದು, ತಾಯಿಯ ಪರೀಕ್ಷೆ ತಾಯಿಗೇ ಆಗಬೇಕು.

ಪ್ರತಿಕ್ರಿಯೆ
ಬರೆದವರು: ಉಪಕೇಂದ್ರದ ಸಿ.ಎಚ್.ಒ., ಶ್ರೀನಿವಾಸಪುರ

ತಿಂಗಳಿಗೆ ಒಂದು ಮಧ್ಯಾಹ್ನ, ಕೇಳುವುದಕ್ಕೆ ಇದು ಸಾಧ್ಯವಾದ ಮಾತು. ಸಭೆಯಲ್ಲಿ ಇದನ್ನೇ ಕೇಳುತ್ತೇನೆ: ನಾಲ್ಕು ಉಪಕೇಂದ್ರಗಳ ಹೆಸರುವಾರು ಪಟ್ಟಿ, ಮೊದಲೇ ನಿಗದಿಯಾದ ಒಂದು ಮಧ್ಯಾಹ್ನ, ಜೊತೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಬಸ್ ಖರ್ಚು. ಎಚ್‌ಪಿವಿ ಕಿಟ್‌ಗಳ ಬೇಡಿಕೆಯನ್ನು ಪಟ್ಟಿಯಲ್ಲಿರುವ ಸಂಖ್ಯೆಯಷ್ಟೇ ಬರೆದು ಕೊಡುತ್ತೇನೆ.

ಪಟ್ಟಿಯನ್ನು ನಿನ್ನೆಯಿಂದ ಬರೆಯಲು ಆರಂಭಿಸಿದ್ದೇವೆ. ಎರಡು ಹಳ್ಳಿ ಮುಗಿದಿದೆ. ಹುಟ್ಟಿದ ವರ್ಷ ಗೊತ್ತಿಲ್ಲದವರ ವಯಸ್ಸನ್ನು ಆಧಾರ್ ಕಾರ್ಡ್‌ನಿಂದ ತೆಗೆದುಕೊಂಡರೆ ಬಹಳ ಮಂದಿಗೆ ಜನವರಿ 1 ಎಂದೇ ಇದೆ, ವರ್ಷವೂ ಅಂದಾಜಿನದು. ಹಿರಿಯ ಮಗುವಿನ ವಯಸ್ಸು ಕೇಳಿ ಸರಿಪಡಿಸಿಕೊಳ್ಳುತ್ತಿದ್ದೇವೆ. ರಿಜಿಸ್ಟರಿನ ಮೊದಲ ಪುಟದಲ್ಲಿ ಕಳೆದ ವರ್ಷದ ಆ ನಾಲ್ವರ ಹೆಸರನ್ನು ಬರೆದಿದ್ದೇನೆ. ಆಂಧ್ರಕ್ಕೆ ಹೋದವರು ಊರಿಗೆ ಹಿಂತಿರುಗಿದ್ದಾರೆ ಎಂದು ಆಶಾ ಕಾರ್ಯಕರ್ತೆ ಹೇಳಿದರು. ನಾಲ್ಕನೆಯವರ ಮನೆಗೆ ಭಾನುವಾರ ಬೆಳಿಗ್ಗೆ, ಹಾಲು ಹಾಕಿ ಬರುವ ಹೊತ್ತಿಗೆ, ನಾನೇ ಹೋಗುತ್ತಿದ್ದೇನೆ.